ಮರಳುಗಾಡಿನಲ್ಲಿ ದಾರಿ ಬಲ್ಲವರು

ಹಳ್ಳಿಗಾಡಿನಲ್ಲಿ ದಾರಿ ಕೇಳಿದವರಿಗೆ ನಮ್ಮ ಜನ ಕೊಡುವ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಕೆರೆಯ ಏರಿಯ ಮೇಲೆ ಹೋಗಿ, ಅರಳಿಕಟ್ಟೆಯ ಹತ್ತಿರ ಎಡಕ್ಕೆ ತಿರುಗಿ, ಹನುಮಂತರಾಯನ ಗುಡಿ ದಾಟಿದರೆ ಊರು ಕಾಣುತ್ತದೆ ಎನ್ನುತ್ತಾರೆ. ಏರಿಯೂ ಇಲ್ಲ, ಕಟ್ಟೆಯೂ ಇಲ್ಲ, ಗುಡಿಯೂ ಇಲ್ಲ, ನಿನ್ನೆ ಮೂಡಿದ ಹೆಜ್ಜೆಯ ಗುರುತು ಇಂದಿನ ಗಾಳಿಗೆ ಅಳಿಸಿಹೋಗುತ್ತದೆ ಎಂಬಂಥ ನಾಡಿನಲ್ಲಿ ದಾರಿ ಹೇಳುವ ಬಗೆ ಯಾವುದು? ಅಲ್ಲಿ ದಾರಿಯನ್ನು ಹೇಳುವುದಿಲ್ಲ; ದಾರಿ ಬಲ್ಲವನೊಬ್ಬನು ಮುಂದೆ ನಡೆಯುತ್ತಾನೆ, ಉಳಿದವರು ಅವನ ಹಿಂದೆ ನಡೆಯುತ್ತಾರೆ.

ಆಫ್ರಿಕದ ಸಹರಾ ಮರುಭೂಮಿಯ ವಿಸ್ತಾರ ಸುಮಾರು 90 ಲಕ್ಷ ಚದರ ಕಿಲೋಮೀಟರು. ನಮ್ಮ ಭಾರತದ ಎರಡೂವರೆ ಪಾಲಿಗೂ ಮಿಗಿಲು. ಚಿತ್ರಗಳಲ್ಲಿ ನೋಡಿದ ನಮಗೆ ಅದೆಲ್ಲವೂ ಮರಳ ದಿಬ್ಬವೆಂಬ ಭಾವನೆ. ನಿಜವಾಗಿ ಮರಳಿನ ಪಾಲು ನಾಲ್ಕರಲ್ಲಿ ಒಂದರಷ್ಟು. ಮಿಕ್ಕದ್ದು ಜಲ್ಲಿಯ ಬಯಲು, ಕಲ್ಲುಬಂಡೆಯ ಪ್ರಸ್ಥಭೂಮಿ, ಒಣಗಿದ ಹಳ್ಳ, ಹೊಗ್ಗರ್ ಮತ್ತು ಆಯಿರ್‌ಗಳಂಥ ಬೆಟ್ಟಸೀಮೆ. ಅಲ್ಲಿ ಜನರೂ ಇದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಬಯಲನ್ನು ಮೋಟಾರು ಗಾಡಿಯಲ್ಲಿ ಸುತ್ತಿ, ಅಲ್ಲಿಯ ಅಲೆಮಾರಿಗಳ ಬಾಳನ್ನು ನೋಡಿ ಬರುವ ಪ್ರವಾಸಗಳು ಬಹು ಪ್ರಸಿದ್ಧವಾದವು. ಆದರೆ ದಾರಿ ಬಲ್ಲವನಿಗೆ ಕೂಲಿ ಕೊಟ್ಟು ಮರಳುಗಾಡನ್ನು ನೋಡುವ ಪದ್ಧತಿ ಮೋಟಾರಿಗಿಂತ ಬಹಳ ಹಳೆಯದು. ಅದರ ಕಥೆಯನ್ನು ಹೇಳಹೊರಟರೆ ನಮ್ಮ ಕರಾವಳಿಯನ್ನೂ ಕಂಡಿದ್ದ ಒಬ್ಬ ಯಾತ್ರಿಕನಿಂದಲೇ ಆರಂಭಿಸಬೇಕಾಗುತ್ತದೆ.

ಮೊರಾಕ್ಕೊ ದೇಶದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತನ ಹೆಸರು ನಮಗೆ ಹೊಸದಲ್ಲ. ದೆಹಲಿಯ ಮಹಮದ್ ತುಘಲಕನ ಆಸ್ಥಾನದಲ್ಲಿ ಕಾಜಿಯಾಗಿದ್ದು, ಬಳಿಕ 1340ರ ದಶಕದಲ್ಲಿ ಪಶ್ಚಿಮ ಕರಾವಳಿಗೆ ಇಳಿದು, ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡವನು ಅವನು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದುವೆಂದು ಅವನು ಬರೆಯಿಸಿದ್ದಾನೆ. ಲೋಕವನ್ನೆಲ್ಲ ಸುತ್ತಿ ತಾಯ್ನಾಡಿಗೆ ಮರಳಿದ ಮೇಲೂ ಅವನಿಗೆ ಒಂದು ಯಾತ್ರೆ ಉಳಿದಿತ್ತು. ಸಹರಾವನ್ನು ದಾಟಿ, ಚಿನ್ನಕ್ಕೆ ಹೆಸರಾದ ಮಾಲಿ ರಾಜ್ಯವನ್ನು ನೋಡುವುದು.

ಮರುಭೂಮಿಯ ಉತ್ತರದ ಅಂಚಿನಲ್ಲಿದ್ದ ಸಿಜಿಲ್‌ಮಾಸ ಎಂಬ ಪಟ್ಟಣದಲ್ಲಿ ಅವನು ಒಂಟೆಗಳನ್ನು ಕೊಂಡು, ನಾಲ್ಕು ತಿಂಗಳು ಮೇವು ಹಾಕಿ ಕೊಬ್ಬಿಸಿದನು. 1352ರ ಫೆಬ್ರವರಿಯಲ್ಲಿ ವರ್ತಕರ ಸಾರ್ಥವೊಂದರ ಜೊತೆಯಲ್ಲಿ ಹೊರಟನು. ಇಪ್ಪತ್ತೈದು ದಿನಗಳ ಮೇಲೆ ಸಿಕ್ಕಿದ ಊರು ತಘಾಜ. ಮನೆಯ ಗೋಡೆ ಉಪ್ಪಿನ ಇಟ್ಟಿಗೆ, ಮಸೀದಿಯ ಗೋಡೆಯೂ ಉಪ್ಪು, ಮೇಲೆ ಹೊದಿಸಿದ್ದು ಒಂಟೆಯ ಚರ್ಮ. ಒಂದು ಮರವಿಲ್ಲ. ನೆಲದೊಳಗಿನ ಉಪ್ಪಿನ ಹಲಗೆಗಳನ್ನು ಅಗೆದು ತೆಗೆಯುತ್ತಿದ್ದವರು ಮಸೂಫ ಎಂಬ ಬರ್ಬರ್ ಪಂಗಡದವರ ಗುಲಾಮರು. ಅವರಿಗೆ ಆಹಾರ ಉತ್ತರದಿಂದ ಬರುವ ಖರ್ಜೂರ, ಒಂಟೆಯ ಮಾಂಸ, ಮತ್ತು ದಕ್ಷಿಣದಿಂದ ಬರುವ ಕಿರುಧಾನ್ಯ. ನಮ್ಮ ಉತ್ತರ ಕರ್ನಾಟಕದವರು ರೊಟ್ಟಿ ತಟ್ಟುವ ಸಜ್ಜೆಯ ತವರು ಸಹರಾದ ಆ ದಕ್ಷಿಣದ ಅಂಚೇ ಎಂಬುದನ್ನು ಇಲ್ಲಿ ನೆನೆಯಬಹುದು. ಉಪ್ಪಿನ ಒಂದು ಹೇರಿಗೆ ವಲಾತ ಎಂಬ ದಕ್ಷಿಣದ ಪಟ್ಟಣದಲ್ಲಿ ಎಂಟು ಹತ್ತು ಮಿತ್ಕಾಲ್ ಚಿನ್ನ ಬರುತ್ತಿತ್ತು; ಇನ್ನೂ ಮುಂದೆ ಮಾಲಿಯ ರಾಜಧಾನಿಗೆ ಒಯ್ದರೆ ಇಪ್ಪತ್ತು ಮೂವತ್ತು. ಇಷ್ಟು ಲಾಭವಿದ್ದುದರಿಂದಲೇ ಜನ ಆ ಸಾವಿನ ಬಯಲನ್ನು ದಾಟುತ್ತಿದ್ದರು.

ತಘಾಜದಿಂದ ವಲಾತದವರೆಗಿನ ಹಾದಿಯೇ ಕಠಿಣವಾದದ್ದು. ಅಲ್ಲಿ ಸಾರ್ಥದವರೆಲ್ಲ ಸೇರಿ ಮಸೂಫದ ಒಬ್ಬನನ್ನು ಕೂಲಿಗೆ ಗೊತ್ತುಮಾಡುತ್ತಿದ್ದರು. ಅವನಿಗೆ ತಕ್‌ಷೀಫ್ ಎಂದು ಹೆಸರು. ಅವನು ಒಬ್ಬನೇ ಮುಂದಾಗಿ ಹೋಗಿ, ವಲಾತದ ಜನಕ್ಕೆ ಪತ್ರ ತಲುಪಿಸಬೇಕು. ಅವರು ನಾಲ್ಕು ದಿನದ ಹಾದಿಯಷ್ಟು ದೂರ ನೀರು ಹೊತ್ತುಕೊಂಡು ಎದುರು ಬರಬೇಕು. ತಕ್‌ಷೀಫನು ನಡುದಾರಿಯಲ್ಲಿ ಸತ್ತರೆ ವಲಾತದವರಿಗೆ ಸುದ್ದಿಯಿಲ್ಲ, ಸುದ್ದಿಯಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಸಾರ್ಥದಲ್ಲಿ ಬಹುಮಂದಿ ಉಳಿಯುವುದಿಲ್ಲ. ಇಬ್ನ್ ಬತೂತನ ಸಾರ್ಥವು ಈ ಕೆಲಸಕ್ಕೆ ಕೊಟ್ಟ ಕೂಲಿ 100 ಮಿತ್ಕಾಲ್. ಎಂದರೆ 400 ಗ್ರಾಮಿಗೂ ಮೇಲ್ಪಟ್ಟ ಬಂಗಾರ. ಆ ಬಂಗಾರ ಹೆಚ್ಚಾಯಿತೆಂದು ಯಾರೂ ಗೊಣಗಿದಂತೆ ಕಾಣುವುದಿಲ್ಲ. ಏಳನೆಯ ದಿನದ ರಾತ್ರಿ, ನೀರು ಹೊತ್ತು ಎದುರು ಬಂದವರು ಹಚ್ಚಿದ್ದ ಬೆಂಕಿ ದೂರದಲ್ಲಿ ಕಾಣಿಸಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ.

ಅದೇ ಸಾರ್ಥದ ಮುಂದೆ ನಡೆದ ದಾರಿಗಾರನ ಸಂಗತಿ ಇನ್ನೂ ಸೋಜಿಗದ್ದು. ಅವನಿಗೆ ಒಂದು ಕಣ್ಣು ಇರಲಿಲ್ಲ. ಇನ್ನೊಂದು ಕಣ್ಣಿಗೂ ರೋಗ. ಹಾಗಿದ್ದೂ ಆ ಹಾದಿಯನ್ನು ಅವನಷ್ಟು ಬಲ್ಲವರು ಬೇರೊಬ್ಬರಿರಲಿಲ್ಲ. ಆ ಯಾತ್ರೆಯಲ್ಲೇ, ಗುಂಪಿನಿಂದ ಅಗಲಿ ದಾರಿ ತಪ್ಪಿದವನೊಬ್ಬನ ಹೆಣ ಸಿಕ್ಕಿತು. ಮರಳಿನ ನಡುವಿನ ಕಿರುಮರದ ಕೆಳಗೆ, ಉಟ್ಟ ಬಟ್ಟೆಯಲ್ಲಿ, ಕೈಯಲ್ಲಿ ಹಿಡಿದ ಚಾವಟಿಯೊಡನೆ ಅವನು ಸತ್ತು ಬಿದ್ದಿದ್ದನು. ನೀರು ಅಲ್ಲಿಗೆ ಒಂದು ಮೈಲಿಯಷ್ಟು ದೂರದಲ್ಲಿತ್ತು. ಕಣ್ಣಿದ್ದವನು ನೀರಿನ ಬಳಿಯಲ್ಲೇ ಸತ್ತನು, ಕಣ್ಣಿಲ್ಲದವನು ನೂರಾರು ಜನರನ್ನು ದಡ ಸೇರಿಸಿದನು. ಮರಳುಗಾಡಿನ ಜ್ಞಾನವೆಂದರೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಬ್ನ್ ಬತೂತನು ದಾರಿಯನ್ನು ಮಾತ್ರವಲ್ಲ, ಜನರ ನಡೆನುಡಿಯನ್ನೂ ನೋಡಿದನು. ಮಸೂಫರಲ್ಲಿ ವಂಶವನ್ನು ಎಣಿಸುವುದು ಸೋದರಮಾವನ ಕಡೆಯಿಂದ. ಆಸ್ತಿ ಹೋಗುವುದು ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಇಂಥ ಪದ್ಧತಿಯನ್ನು ತಾನು ಲೋಕದಲ್ಲಿ ಇನ್ನೊಂದು ಕಡೆ ಮಾತ್ರ ಕಂಡಿದ್ದೇನೆ, ಅದು ಹಿಂದೂದೇಶದ ಮಲಬಾರದಲ್ಲಿ ಎಂದು ಅವನು ಹೇಳುತ್ತಾನೆ. ಅವನ ಲೆಕ್ಕದಲ್ಲಿ ಮಲಬಾರವೆಂದರೆ ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯೆಲ್ಲ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಈ ಹೋಲಿಕೆ ಸ್ವಾರಸ್ಯವಾಗಿ ತೋರದೆ ಇರದು. ನೋಡುವ ಕಣ್ಣಿಗೆ ಹೊಸತು ಕಂಡಾಗ ಹಿಂದೆ ಕಂಡದ್ದೊಂದು ನೆನಪಿಗೆ ಬಂದು, ಎರಡನ್ನೂ ಬೆಳಗುತ್ತದೆ. ಪ್ರವಾಸದ ನಿಜವಾದ ಫಲ ಅದೇ.

ಆದರೆ ಅವನ ಕಣ್ಣಿಗೂ ಒಂದು ಎಲ್ಲೆಯಿತ್ತು. ವಲಾತವನ್ನು ಸೇರಿದ ಮೇಲೆ, ಯಾರ ಜೊತೆಯಲ್ಲಿ ಮರುಭೂಮಿಯನ್ನು ದಾಟಿ ಬಂದನೋ ಆ ಮಸೂಫ ಗೃಹಸ್ಥನ ಮನೆಗೆ ಅವನು ಹೋದನು. ಮನೆಯಾಕೆ ಒಬ್ಬ ಪರಪುರುಷನೊಡನೆ ಕುಳಿತು ಮಾತಾಡುತ್ತಿದ್ದಳು. ಇದೇನೆಂದು ಇಬ್ನ್ ಬತೂತನು ಆಕ್ಷೇಪಿಸಿದಾಗ, ನಮ್ಮಲ್ಲಿ ಗಂಡಸರೂ ಹೆಂಗಸರೂ ಮರ್ಯಾದೆಯಿಂದ ಸ್ನೇಹವಾಗಿರುತ್ತಾರೆ, ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ, ನಿಮ್ಮ ನಾಡಿನ ರೀತಿ ಬೇರೆ ಎಂಬರ್ಥದಲ್ಲಿ ಆ ಯಜಮಾನನು ಶಾಂತವಾಗಿಯೇ ಉತ್ತರಕೊಟ್ಟನು. ಇಬ್ನ್ ಬತೂತನು ಎದ್ದು ಹೋದನು. ಆಮೇಲೆ ಎಷ್ಟು ಸಲ ಕರೆದರೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಎರಡು ತಿಂಗಳು ಯಾರ ಸಂಗಡ ಪ್ರಾಣವನ್ನು ಒಪ್ಪಿಸಿ ನಡೆದನೋ ಅವನ ಮನೆಯ ಆತಿಥ್ಯವನ್ನು ಒಪ್ಪಲು ಮನಸ್ಸು ಬರಲಿಲ್ಲ. ಇದು ಆ ಕಾಲದ ದೋಷವೆಂದು ತಳ್ಳಿಹಾಕುವಂತಿಲ್ಲ. ದಾರಿಗೆ ಬೇಕಾದವನು ಬಾಳಿಗೆ ಬೇಡವಾಗುವುದು ಮುಂದೆಯೂ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಐದು ಶತಮಾನಗಳು ಕಳೆದುವು. ಉತ್ತರದಿಂದ ಈ ಸಲ ಬಂದವರು ವರ್ತಕರಲ್ಲ, ಭೂಪಟ ಬರೆಯುವವರು. ಅಲ್ಜೀರಿಯವನ್ನು ಹಿಡಿದಿದ್ದ ಫ್ರೆಂಚರಿಗೆ ಸಹರಾದ ಮೇಲೆ ರೈಲು ಹಾಕುವ ಹಂಬಲ ಹುಟ್ಟಿತು. ಮಾರ್ಗವನ್ನು ಅಳೆಯಲು ಕರ್ನಲ್ ಫ್ಲಾಟೇರ್ಸ್ ಎಂಬಾತನು 1880ರ ಕೊನೆಯಲ್ಲಿ ತೊಂಬತ್ತು ಚಿಲ್ಲರೆ ಜನರೊಡನೆ ಹೊರಟನು. ಹೊಗ್ಗರ್ ಬೆಟ್ಟಸೀಮೆ ತುವಾರೆಗರದು. ಅಲ್ಲಿ ಮುಖಕ್ಕೆ ಮುಸುಕು ಹಾಕುವವರು ಗಂಡಸರು. ಹೆಂಗಸರು ಮುಖ ತೆರೆದೇ ಇರುತ್ತಾರೆ. ವಾಸದ ಗುಡಾರ ಹೆಂಡತಿಯ ಸ್ವತ್ತು. ಇಮ್ಜಾದ್ ಎಂಬ ಒಂಟಿತಂತಿಯ ವಾದ್ಯವನ್ನು ನುಡಿಸುವವರು ಹೆಂಗಸರು ಮಾತ್ರ. ತಿಫಿನಾಗ್ ಎಂಬ ಸ್ವಂತ ಲಿಪಿಯೂ ಅವರಿಗುಂಟು. ರೈಲು ಬಂದರೆ ತಮ್ಮ ಸಾರ್ಥಗಳೂ ಸ್ವಾತಂತ್ರ್ಯವೂ ಹೋಗುವುವೆಂದು ಅವರು ಅರಿತರು. 1881ರ ಫೆಬ್ರವರಿ 16ರಂದು ದಾರಿಗಾರರು ಬಾವಿ ಇನ್ನೂ ದೂರವಿದೆಯೆಂದು ಹೇಳಿ ದಂಡನ್ನು ಇಬ್ಭಾಗ ಮಾಡಿಸಿದರು. ಬಾವಿಯ ಬಳಿ ಫ್ಲಾಟೇರ್ಸನು ಹತನಾದನು. ಹಿಂದಕ್ಕೆ ಓಡಿದವರಿಗೆ ವಿಷ ಬೆರೆಸಿದ ಖರ್ಜೂರ ಸಿಕ್ಕಿತು. ಐರೋಪ್ಯರಲ್ಲಿ ಒಬ್ಬನೂ ಬದುಕಿ ಹಿಂದಿರುಗಲಿಲ್ಲ.

ಇದನ್ನು ವಿಶ್ವಾಸಘಾತವೆನ್ನುವವರಿದ್ದಾರೆ, ದೇಶರಕ್ಷಣೆಯೆನ್ನುವವರೂ ಇದ್ದಾರೆ. ಒಂದು ಮಾತಂತೂ ಸ್ಪಷ್ಟ. ದಾರಿ ಬಲ್ಲವನ ಮನಸ್ಸು ಒಪ್ಪದಿದ್ದರೆ ಆ ನಾಡಿನಲ್ಲಿ ಬಂದೂಕಿಗೂ ಬೆಲೆಯಿರಲಿಲ್ಲ. ಮುಂದೆ 1902ರ ಮೇ 7ರಂದು ತೀತ್ ಎಂಬಲ್ಲಿ ನಡೆದ ಕಾಳಗದಲ್ಲಿ ಹೊಗ್ಗರ್ ಸೋತಿತು. ಆ ಕಾಳಗದಲ್ಲಿ ಫ್ರೆಂಚರ ಪರವಾಗಿ ಹೋರಾಡಿ ಗೆದ್ದವರು ಬಹುಪಾಲು ಮರುಭೂಮಿಯ ಇನ್ನೊಂದು ಕಡೆಯ ಒಂಟೆ ಸವಾರರೇ. ಮರಳನ್ನು ಗೆಲ್ಲಲು ಮರಳಿನವರೇ ಬೇಕಾಯಿತು.

ಆಮೇಲೆ ಬಂದದ್ದು ಮೋಟಾರು. 1922ರ ಡಿಸೆಂಬರ್ 17ರಂದು ಅಲ್ಜೀರಿಯದ ತುಗ್ಗುರ್ತ್ ಊರಿನಿಂದ ಐದು ಸಿಟ್ರೊಯೆನ್ ಗಾಡಿಗಳು ಹೊರಟುವು. ಮುಂದೆ ಗಾಲಿ, ಹಿಂದೆ ರಬ್ಬರಿನ ಪಟ್ಟಿ. ಆ ಪಟ್ಟಿಯನ್ನು ರಚಿಸಿದ ಕೆಗ್ರೆಸ್ ಎಂಬ ಯಂತ್ರಶಿಲ್ಪಿ ಹಿಂದೆ ರಷ್ಯದ ತ್ಸಾರ್ ದೊರೆಯ ಮೋಟಾರು ಖಾನೆಯಲ್ಲಿದ್ದವನು. ದಾರಿಯುದ್ದಕ್ಕೂ ಪೆಟ್ರೋಲನ್ನು ಮೊದಲೇ ಕೂಡಿಟ್ಟು, ಹಾರ್ಟ್ ಮತ್ತು ಓದ್ವೆಂ-ದುಬ್ರೈ ಎಂಬಿಬ್ಬರ ಮುಂದಾಳುತನದಲ್ಲಿ ಹತ್ತು ಜನ, ಜೊತೆಗೊಂದು ನಾಯಿ, 1923ರ ಜನವರಿ 7ರಂದು ತಿಂಬುಕ್ತುವನ್ನು ಮುಟ್ಟಿದರು. ಸಾರ್ಥಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ದೂರ ಮೂರು ವಾರಗಳಿಗೆ ಇಳಿಯಿತು. ಪತ್ರಿಕೆಗಳು ಮರುಭೂಮಿಯನ್ನು ಗೆದ್ದೆವೆಂದು ಸಾರಿದುವು.

ದಾರಿಗಾರನಿಲ್ಲದೆ ಮರಳುಗಾಡಿನಲ್ಲಿ ತಿರುಗುವುದು ಸಾಧ್ಯವೇ ಇಲ್ಲವೆಂದಲ್ಲ. 1929ರಿಂದ ಕೆಲವು ವರ್ಷ ಬ್ಯಾಗ್ನಾಲ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಲಿಬಿಯ ಮರಳುಗಾಡಿನ ಮಹಾದಿಬ್ಬಗಳ ಮೇಲೆ ಫೋರ್ಡ್ ಗಾಡಿಗಳನ್ನು ನಡೆಸಿದನು. ಟೈರಿನ ಗಾಳಿಯನ್ನು ಕಡಿಮೆ ಮಾಡಿದರೆ ಮರಳಿನಲ್ಲಿ ಹೂತುಹೋಗುವುದಿಲ್ಲ. ಹೂತಾಗ ಉಕ್ಕಿನ ಹಲಗೆಗಳನ್ನು ಗಾಲಿಯಡಿ ಇಟ್ಟು ಎತ್ತಬಹುದು. ಕುದಿದು ಹೋಗುವ ರೇಡಿಯೇಟರಿನ ನೀರನ್ನು ಹಬೆಯಿಂದ ಮತ್ತೆ ಹಿಡಿಯಬಹುದು. ಕಬ್ಬಿಣದ ಗಾಡಿಯಲ್ಲಿ ಕಾಂತಸೂಚಿ ತಪ್ಪು ತೋರಿಸುವುದರಿಂದ ಸೂರ್ಯನ ನೆರಳಿನಿಂದ ದಿಕ್ಕು ಹಿಡಿಯಬಹುದು. ಮರಳಿನ ಸವಾರಿಯ ಈ ವಿದ್ಯೆ ಅವನ ತಂಡದಿಂದಲೇ ಬಹುಮಟ್ಟಿಗೆ ಬಂದದ್ದು. ಆದರೆ ಅವನು ತಿರುಗಿದ್ದು ಮನುಷ್ಯರೇ ಇಲ್ಲದ ನೆಲದಲ್ಲಿ. ಯಂತ್ರದ ನೆರವಿನಿಂದ ಅವನು ನೆಲವನ್ನು ಕಂಡನು. ಜನರನ್ನು ಕಾಣಬೇಕಾದರೆ ಜನರೇ ಕರೆದೊಯ್ಯಬೇಕು.

ಅದಕ್ಕೆ ತಾಸ್ಸಿಲಿ ಬೆಟ್ಟದ ಸಂಗತಿಯೇ ಸಾಕ್ಷಿ. ಸಾವಿರಾರು ವರ್ಷಗಳ ಹಿಂದೆ ಸಹರಾ ಹಸಿರಾಗಿದ್ದಾಗ ಅಲ್ಲಿಯ ಬಂಡೆಗಳ ಮೇಲೆ ಜನ ದನಕರುಗಳ, ಜಿರಾಫೆಗಳ, ಬೇಟೆಗಾರರ ಚಿತ್ರ ಬರೆದಿದ್ದರು. ಫ್ರಾನ್ಸಿನ ಆನ್ರಿ ಲೋತ್ ಎಂಬ ವಿದ್ವಾಂಸನ ತಂಡ 1956ರಲ್ಲಿ ಅಲ್ಲಿಗೆ ಹೋಗಿ ನೂರಾರು ಚಿತ್ರಗಳ ನಕಲು ಮಾಡಿತು. ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಗಿ ಲೋಕವೇ ಬೆರಗಾಯಿತು. ಆ ಗವಿಗಳಿಗೆ ತಂಡವನ್ನು ಕರೆದೊಯ್ದವನು ಜೆಬ್ರಿನ್ ಎಂಬ ತುವಾರೆಗ್ ಹಿರಿಯ. ಲೋಕಕ್ಕೆ ಅದು ಹೊಸ ಶೋಧ. ಅವನಿಗೆ ಆಡು ಮೇಯಿಸುವಾಗ ಮಳೆಬಿಸಿಲಿಗೆ ಆಸರೆಯಾದ ಬಂಡೆ. ಬಣ್ಣ ಚೆನ್ನಾಗಿ ಕಾಣಲೆಂದು ಆ ಕಾಲದಲ್ಲಿ ಚಿತ್ರಗಳನ್ನು ನೀರಿನಿಂದ ಒರೆಸಿದ್ದರಿಂದ ಅನೇಕ ಚಿತ್ರಗಳು ಕೆಟ್ಟುವೆಂದು ಬಳಿಕ ತಜ್ಞರು ಮರುಗಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಜನಕ್ಕೆ ದಾರಿಯ ಜ್ಞಾನ ಎಲ್ಲಿಂದ ಬಂತು? ಯಾರೂ ಮಾರ್ಗದರ್ಶಿಯಾಗಲೆಂದು ಅದನ್ನು ಕಲಿಯಲಿಲ್ಲ. ತಪ್ಪಿಸಿಕೊಂಡ ಒಂಟೆಯನ್ನು ಹುಡುಕುತ್ತ ಹೆಜ್ಜೆಯನ್ನು ಓದುವುದು, ಲದ್ದಿಯನ್ನು ನೋಡಿ ಅದು ಎಲ್ಲಿಯ ಮೇವು ಮೇದಿದೆಯೆಂದು ತಿಳಿಯುವುದು, ಒಂದೇ ದಿಕ್ಕಿನಿಂದ ಬೀಸುವ ಗಾಳಿ ಮರಳಿನಲ್ಲಿ ಮೂಡಿಸಿದ ಗೆರೆಗಳನ್ನು ಯಾವ ಕೋನದಲ್ಲಿ ದಾಟಬೇಕೆಂದು ಅಂಗಾಲಿನಿಂದ ಅರಿಯುವುದು, ರಾತ್ರಿ ನಕ್ಷತ್ರ ಹಿಡಿದು ನಡೆಯುವುದು, ಇವೆಲ್ಲ ದನಗಾಹಿಯ ವಿದ್ಯೆ. ಮಳೆ ಎಲ್ಲಿ ಬಿತ್ತೆಂದು ಕೇಳಿ ಹಿಂಡನ್ನು ಅತ್ತ ಹೊಡೆಯುವುದು, ನೈಜರ್ ದೇಶದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇನ್‌ಗಾಲ್ ಬಳಿಯ ಉಪ್ಪು ನೆಲದ ಹುಲ್ಲಿಗೆ ಎಲ್ಲ ಪಂಗಡಗಳೂ ಕೂಡುವುದು, ಹತ್ತಾರು ಮೀಟರು ಆಳದ ಬಾವಿಯಿಂದ ನಮ್ಮ ಕಪಿಲೆಯಂತೆ ಪ್ರಾಣಿಯನ್ನು ಕಟ್ಟಿ ನೀರೆಳೆಯುವುದು, ಇವು ಅವರ ವರ್ಷದ ಪಂಚಾಂಗ. ಅಗಾದೆಜ್‌ನಿಂದ ತೆನೆರೆ ಬಯಲನ್ನು ದಾಟಿ ಬಿಲ್ಮದ ಉಪ್ಪು ತರುವ ಒಂಟೆಸಾಲುಗಳು ಈ ವಿದ್ಯೆಯ ದೊಡ್ಡ ಪರೀಕ್ಷೆ. ಬಿಲ್ಮದಲ್ಲಿ ಈಚಲಮರದ ಬೊಡ್ಡೆಯನ್ನು ಕೊರೆದು ಅಚ್ಚುಮಾಡಿ ಉಪ್ಪಿನ ಕಂಬಗಳನ್ನು ಎರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಂದೊಂದು ಸಾರ್ಥದಲ್ಲಿ ಸಾವಿರಾರು ಒಂಟೆಗಳು ನಡೆಯುತ್ತಿದ್ದುವು.

ಆ ತೆನೆರೆಯಲ್ಲಿ ಒಂದು ಜಾಲಿಯ ಮರವಿತ್ತು. ಸುತ್ತ ನೂರಾರು ಕಿಲೋಮೀಟರು ಇನ್ನೊಂದು ಮರವಿರಲಿಲ್ಲ. ಸಾರ್ಥಗಳು ಅದನ್ನು ಗುರುತಾಗಿಟ್ಟುಕೊಂಡು ನಡೆಯುತ್ತಿದ್ದುವು. ಅದರ ಕೊಂಬೆಯನ್ನು ಉರುವಲಿಗೆ ಮುರಿದವರಿಲ್ಲ, ಒಂಟೆಗೆ ಮೇಯಲು ಬಿಟ್ಟವರಿಲ್ಲ. 1938ರ ಸುಮಾರಿಗೆ ಪಕ್ಕದಲ್ಲಿ ಬಾವಿ ತೋಡಿದಾಗ ಅದರ ಬೇರು ಮೂವತ್ತು ಮೀಟರಿಗೂ ಹೆಚ್ಚು ಆಳದ ನೀರಿಗೆ ಇಳಿದಿದ್ದುದು ಕಂಡಿತು. 1973ರಲ್ಲಿ, ಎತ್ತ ನೋಡಿದರೂ ತೆರವಾದ ಬಯಲಿನಲ್ಲಿ, ಒಂದು ಲಾರಿ ಬಂದು ಆ ಮರಕ್ಕೇ ಡಿಕ್ಕಿ ಹೊಡೆಯಿತು. ಮರ ಬಿತ್ತು. ಅದರ ಒಣ ಕಾಂಡವನ್ನು ರಾಜಧಾನಿ ನಿಯಾಮೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಅದು ನಿಂತಿದ್ದ ಜಾಗದಲ್ಲಿ ಲೋಹದ ಮರವೊಂದನ್ನು ನಿಲ್ಲಿಸಿದರು.

ಮರ ಬಿದ್ದ ವರ್ಷವೇ ಮರಳುಗಾಡಿನ ಜನಕ್ಕೂ ದುರ್ಭಿಕ್ಷದ ವರ್ಷ. 1968ರಿಂದ 1974ರವರೆಗೆ ಮಳೆ ಕೈಕೊಟ್ಟು, ಮತ್ತೆ 1984ರಲ್ಲಿ ಬರ ಬಂದು, ಹಿಂಡುಗಳು ಸತ್ತುವು. ಹಿಂದೆ ಬರ ಬಂದರೆ ಅಲೆಮಾರಿಗೆ ಹಸಿರಿದ್ದ ಕಡೆ ಹೋಗುವ ಹಾದಿಯಿತ್ತು. ಈಗ 1960ರಲ್ಲಿ ಸ್ವತಂತ್ರವಾದ ಮಾಲಿ, ನೈಜರ್, 1962ರಲ್ಲಿ ಸ್ವತಂತ್ರವಾದ ಅಲ್ಜೀರಿಯ, ಎಲ್ಲಕ್ಕೂ ಬೇರೆ ಬೇರೆ ಗಡಿ, ಬೇರೆ ಬೇರೆ ಕಾಗದ. ಒಂಟೆ ಕಳೆದುಕೊಂಡ ಯುವಕರು ಲಿಬಿಯ ಅಲ್ಜೀರಿಯಗಳಿಗೆ ಕೂಲಿ ಹುಡುಕಿ ಹೋದರು. ಕೆಲವರು ಮಾತ್ರ ಅಗಾದೆಜ್‌ನಲ್ಲೂ ತಮನ್‌ರಾಸೆಟ್‌ನಲ್ಲೂ ಹೊಸ ಕಸಬೊಂದನ್ನು ಹಿಡಿದರು. ವಿದೇಶಿ ಪ್ರವಾಸಿಗರ ಗಾಡಿಯ ಮುಂದಿನ ಆಸನದಲ್ಲಿ ಕುಳಿತು ಕೈಸನ್ನೆಯಿಂದ ದಾರಿ ತೋರುವುದು, ಸಂಜೆ ಬಿಡಾರದಲ್ಲಿ ಮೂರು ಸಲ ಚಹಾ ಕಾಸಿ ಕೊಡುವುದು, ಗುಡಾರಗಳಿದ್ದ ಕಡೆ ಕರೆದೊಯ್ದು ಎರಡು ಕಡೆಯ ಮಾತನ್ನೂ ತಿಳಿಸುವುದು. ಹಸು ಕಾಯುವವನ ವಿದ್ಯೆ ಮೋಟಾರಿಗೆ ದಾರಿಯಾಯಿತು. ಅಗಾದೆಜ್‌ನಲ್ಲಿ ಪ್ರವಾಸ ಸಂಸ್ಥೆ ನಡೆಸಿದ ಮಾನೊ ದಾಯಕ್ ಎಂಬ ತುವಾರೆಗ್ ಮುಂದೆ ತನ್ನ ಜನರ ಹಕ್ಕಿನ ಹೋರಾಟಕ್ಕೂ ನಾಯಕನಾಗಿ, 1995ರ ಡಿಸೆಂಬರಿನಲ್ಲಿ ಸಂಧಾನಕ್ಕೆ ಹೊರಟಾಗ ವಿಮಾನದ ಅಪಘಾತದಲ್ಲಿ ತೀರಿಕೊಂಡನು.

ಈ ಕಸಬಿನಲ್ಲಿ ಅನ್ನವಿತ್ತು, ಅಪಾಯವೂ ಇತ್ತು. 2003ರಲ್ಲಿ ಸ್ಥಳೀಯ ದಾರಿಗಾರರಿಲ್ಲದೆ ಉಪಗ್ರಹದ ಯಂತ್ರವನ್ನು ನಂಬಿ ಅಲ್ಜೀರಿಯದ ದಕ್ಷಿಣದಲ್ಲಿ ತಿರುಗುತ್ತಿದ್ದ ಐರೋಪ್ಯ ಪ್ರವಾಸಿಗರು 32 ಮಂದಿ ಸಶಸ್ತ್ರ ಗುಂಪಿಗೆ ಸೆರೆಸಿಕ್ಕರು. ಅವರಲ್ಲಿ ಒಬ್ಬಾಕೆ ಬಿಸಿಲಿನ ಬೇಗೆಗೆ ಸತ್ತಳು. ಯಂತ್ರವು ತಾವಿರುವ ಜಾಗವನ್ನು ಹೇಳುತ್ತದೆ. ಆ ಜಾಗದಲ್ಲಿ ಈಗ ಯಾರಿದ್ದಾರೆಂಬುದನ್ನು ಹೇಳುವುದಿಲ್ಲ. 1978ರ ಡಿಸೆಂಬರಿನಲ್ಲಿ ಆರಂಭವಾದ ಪ್ಯಾರಿಸ್–ಡಾಕರ್ ಮೋಟಾರು ಪಂದ್ಯವೂ 2008ರಲ್ಲಿ ಭಯದಿಂದ ನಿಂತು, ಆಫ್ರಿಕವನ್ನೇ ಬಿಟ್ಟುಹೋಯಿತು. 2012ರಿಂದ ಮಾಲಿಯಲ್ಲಿ ಯುದ್ಧ. ಪ್ರವಾಸಿಗರು ಬರುವುದು ನಿಂತಾಗ ಮೊದಲು ಹಸಿದವನು ದಾರಿಗಾರನೇ. ಗಲಭೆಗೆ ಅವನು ಕಾರಣನಲ್ಲ. ನಷ್ಟ ಮಾತ್ರ ಅವನ ಪಾಲಿಗೆ.

ಇಷ್ಟನ್ನು ನೋಡಿದ ಮೇಲೆ ಒಂದು ಮಾತು ತೋರುತ್ತದೆ. ಅಲೆಮಾರಿಯ ಬಾಳನ್ನು ನೋಡಲೆಂದು ಜನ ದುಡ್ಡು ತೆತ್ತು ಬರುತ್ತಾರೆ. ಆದರೆ ಆ ಬಾಳು ನಿಂತಿರುವುದು ಪ್ರವಾಸಿಯ ದುಡ್ಡಿನ ಮೇಲಲ್ಲ. ಹುಲ್ಲು, ಬಾವಿ, ತೆರೆದ ಹಾದಿ, ಇವುಗಳ ಮೇಲೆ. ಹಿಂಡಿಲ್ಲದ ಮನೆಯಲ್ಲಿ ಹುಟ್ಟಿದ ಹುಡುಗನು ಒಂಟೆಯ ಹೆಜ್ಜೆಯನ್ನು ಓದಲು ಯಾರಿಂದ ಕಲಿಯಬೇಕು? ಲಾರಿಯಲ್ಲೇ ಉಪ್ಪು ಬರುವ ಕಾಲದಲ್ಲಿ ತೆನೆರೆಯನ್ನು ನಡೆದು ದಾಟುವ ವಿದ್ಯೆ ಯಾವ ಪಾಠಶಾಲೆಯಲ್ಲಿ ಉಳಿಯಬೇಕು? ಹಳೆಯದೆಲ್ಲ ಒಳ್ಳೆಯದೆಂದು ಹೇಳುವಂತಿಲ್ಲ. ತಘಾಜದ ಉಪ್ಪನ್ನು ಅಗೆದವರು ಗುಲಾಮರು. ಇಬ್ನ್ ಬತೂತನು 1353ರಲ್ಲಿ ಹಿಂದಿರುಗಿದ ಸಾರ್ಥದಲ್ಲಿ 600 ಮಂದಿ ಹೆಣ್ಣಾಳುಗಳಿದ್ದರು. ಅದು ಹೋದದ್ದು ಲೇಸೇ ಆಯಿತು. ಆದರೆ ಅದರ ಜೊತೆಗೆ ಬಾವಿ ಹುಲ್ಲುಗಳ ಅರಿವೂ ಹೋಗಬೇಕಾದ್ದಿಲ್ಲ.

ಇಬ್ನ್ ಬತೂತನು 1355ರಲ್ಲಿ ತನ್ನ ಗ್ರಂಥವನ್ನು ಹೇಳಿ ಬರೆಯಿಸಿ ಮುಗಿಸಿದನು. ಸುಲ್ತಾನರ, ಕಾಜಿಗಳ, ವರ್ತಕರ ಹೆಸರುಗಳು ಅದರಲ್ಲಿ ತುಂಬಿವೆ. ಕಣ್ಣಿಲ್ಲದೆ ದಾರಿ ತೋರಿದ ಆ ಮನುಷ್ಯನ ಹೆಸರು ಅದರಲ್ಲಿಲ್ಲ. ಅವನು ನಡೆದಿದ್ದರಿಂದಲೇ ಆ ಗ್ರಂಥ ನಮಗೆ ದೊರೆತಿದೆ.